ಪೆನ್‌ಡ್ರೈವ್ ಖಾಲಿಯಲ್ಲ, ಎಲ್ಲಿ ಸೇರಿದೆ ನೋಡಿ

ಹತ್ತನೇ ಇಯತ್ತೆಯ ಮಗಳು ಸಂಜೆ ಮನೆಗೆ ಬಂದವಳೇ ಚೀಲ ಮೂಲೆಗಿಟ್ಟು, ‘ಪಪ್ಪಾ, ಪೆನ್‌ಡ್ರೈವ್‌ನಾಗ ಏನೂ ಇಲ್ಲಂತ. ಫಾರ್ಮ್ಯಾಟ್ ಮಾಡಿಸ್ಕೊಂಡು ಬಾ ಅಂದ್ರು’ ಎಂದಳು. ಅದರಲ್ಲಿ ಇದ್ದದ್ದು ಸಿನಿಮಾ ಹಾಡಲ್ಲ. ಬಾಲಭಾರತಿಯ ಕನ್ನಡ ಮಾಧ್ಯಮದ ಪುಸ್ತಕಗಳ ಪಿಡಿಎಫ್, ಹಳೆಯ ಪ್ರಶ್ನೆಪತ್ರಿಕೆಗಳು, ಕೃತಿಪತ್ರಿಕೆಗಳು, ಶಿಕ್ಷಕರೊಬ್ಬರು ಕೈಯಲ್ಲಿ ಬರೆದು ಸ್ಕ್ಯಾನ್ ಮಾಡಿ ಕೊಟ್ಟ ಟಿಪ್ಪಣಿ. ಮರಾಠಿ ಮಾಧ್ಯಮದ ಮಗುವಿಗಾದರೆ ಉದಗೀರ, ಲಾತೂರದ ಅಂಗಡಿಗಳಲ್ಲಿ ಗೈಡುಗಳು ಸಿಗುತ್ತವೆ. ನಮ್ಮ ಮಕ್ಕಳಿಗೆ ಒಬ್ಬರಿಂದ ಒಬ್ಬರು ತುಂಬಿಕೊಂಡು ಬರುವ ಪೆನ್‌ಡ್ರೈವೇ ಗೈಡು. ಫಾರ್ಮ್ಯಾಟ್ ಮಾಡಿದ್ದರೆ ಆ ವರ್ಷದ ಸಂಗ್ರಹವೆಲ್ಲ ಹೋಗುತ್ತಿತ್ತು.

ಮರುದಿನ ಶಾಲೆಗೆ ಹೋಗಿ ನೋಡಿದೆ. ಅಲ್ಲಿಯ ಕಂಪ್ಯೂಟರು ವಿಂಡೋಸ್ ಅಲ್ಲ, ಲಿನಕ್ಸ್. ಪರದೆಯ ಮೇಲೆ ಪೆನ್‌ಡ್ರೈವ್‌ನ ಚಿತ್ರ ಮೂಡಿರಲಿಲ್ಲ. ಯಾರೋ ‘ಡಾಕ್ಯುಮೆಂಟ್ಸ್’ ತೆರೆದು, ಅದು ಬರಿದಾಗಿದ್ದುದನ್ನು ಕಂಡು, ಡ್ರೈವೇ ಖಾಲಿ ಎಂದುಕೊಂಡಿದ್ದರು. ತಪ್ಪು ಅವರದೂ ಅಲ್ಲ, ಪೆನ್‌ಡ್ರೈವ್‌ದೂ ಅಲ್ಲ. ನೋಡಿದ ಜಾಗ ಬೇರೆ, ಅಷ್ಟೇ.

ವಿಂಡೋಸ್‌ನಲ್ಲಿ ಪ್ರತಿ ಡಿಸ್ಕಿಗೂ ಸಿ, ಡಿ, ಇ ಎಂದು ಒಂದೊಂದು ಅಕ್ಷರ ಕೊಟ್ಟಿರುತ್ತಾರೆ. ಲಿನಕ್ಸ್‌ನಲ್ಲಿ ಹಾಗಿಲ್ಲ. ಅಲ್ಲಿ ಇರುವುದು ಒಂದೇ ಮರ, ಅದರ ಬೇರಿನ ಹೆಸರು ಒಂದು ಓರೆಗೆರೆ. ಹೊಸ ಡಿಸ್ಕ್ ಬಂದರೆ ಅದನ್ನು ಆ ಮರದ ಯಾವುದೋ ಒಂದು ಕೊಂಬೆಗೆ ತಂದು ಸೇರಿಸುತ್ತಾರೆ. ಇದಕ್ಕೆ ಮೌಂಟ್ ಮಾಡುವುದು ಎನ್ನುತ್ತಾರೆ. ಉಬುಂಟುವಿನಂಥ ವ್ಯವಸ್ಥೆಯಲ್ಲಿ ಪೆನ್‌ಡ್ರೈವ್ ಸಾಮಾನ್ಯವಾಗಿ ‘ಮೀಡಿಯಾ’ ಎಂಬ ಕೊಂಬೆಗೆ, ಅಲ್ಲಿ ಬಳಕೆದಾರರ ಹೆಸರಿನ ಕೆಳಗೆ ಸೇರುತ್ತದೆ.

ದೇವಣಿ ಕಡೆಯ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉದಗೀರ, ನಿಲಂಗಾ ತಾಲ್ಲೂಕುಗಳು 1956ರವರೆಗೆ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ಉಸ್ಮಾನಾಬಾದ್ ಜಿಲ್ಲೆಗೆ ಸೇರಿದವು. 1982ರಲ್ಲಿ ಲಾತೂರ ಜಿಲ್ಲೆಯಾದ ಮೇಲೆ ಅದಕ್ಕೆ ಬಂದವು. ಊರು ಅಲ್ಲೇ ಇದೆ, ಮನೆಯೊಳಗಿನ ಮಾತೂ ಅದೇ. ವಿಳಾಸ ಮಾತ್ರ ಬೇರೆ ಕೊಂಬೆಗೆ ಹೋಯಿತು. ಹಳೆಯ ವಿಳಾಸದಲ್ಲಿ ಹುಡುಕಿದವನಿಗೆ ಊರು ಸಿಗಲಿಲ್ಲವೆಂದರೆ ಊರೇ ಇಲ್ಲವೆಂದು ಅರ್ಥವೇ?

ಎಲ್ಲಿ ಸೇರಿದೆ ಎಂದು ಕೇಳಲು ಟರ್ಮಿನಲ್ ಎಂಬ ಕಪ್ಪು ಕಿಟಕಿ ಬೇಕು. ಉಬುಂಟುವಿನಲ್ಲಿ ಕಂಟ್ರೋಲ್, ಆಲ್ಟ್, ಟಿ ಮೂರನ್ನೂ ಒಟ್ಟಿಗೆ ಒತ್ತಿದರೆ ಬರುತ್ತದೆ. ಕಪ್ಪು ಕಿಟಕಿ ಎಂದರೆ ಹೆದರುವವರೇ ಹೆಚ್ಚು. ಆದರೆ ಇಲ್ಲಿ ಹೇಳುವ ಆಜ್ಞೆಗಳು ನೋಡುತ್ತವೆಯೇ ಹೊರತು ಏನನ್ನೂ ಬದಲಿಸುವುದಿಲ್ಲ. ಮೊದಲು ಎಲ್, ಎಸ್, ಬಿ, ಎಲ್, ಕೆ ಎಂಬ ಐದು ಇಂಗ್ಲಿಷ್ ಅಕ್ಷರಗಳನ್ನು ಸಣ್ಣಕ್ಷರದಲ್ಲಿ ಬಿಡದೆ ಒತ್ತಿ ಎಂಟರ್ ಹೊಡೆಯಿರಿ. ಕಂಪ್ಯೂಟರಿಗೆ ಅಂಟಿರುವ ಡಿಸ್ಕುಗಳೆಲ್ಲ, ಅವುಗಳ ಗಾತ್ರದೊಂದಿಗೆ ಸಾಲಾಗಿ ಬರುತ್ತವೆ. ನಿಮ್ಮದು 16 ಜಿಬಿಯದಾಗಿದ್ದರೆ 14 ಜಿಬಿ ಚಿಲ್ಲರೆ ಎಂದು ತೋರಿಸುವ ಸಾಲೇ ಅದು. ಸಾಲಿನ ಕೊನೆಯಲ್ಲಿ ದಾರಿ ಬರೆದಿದ್ದರೆ ಡ್ರೈವ್ ಅಲ್ಲಿ ಸೇರಿದೆ. ದಾರಿಯ ಜಾಗ ಬರಿದಾಗಿದ್ದರೆ ಕಂಪ್ಯೂಟರು ಡ್ರೈವನ್ನು ಕಂಡಿದೆ, ಇನ್ನೂ ಸೇರಿಸಿಕೊಂಡಿಲ್ಲ. ಆಗ ಫೈಲುಗಳ ಕಿಟಕಿ ತೆರೆದು ಎಡಬದಿಯಲ್ಲಿ ಡ್ರೈವ್‌ನ ಹೆಸರಿನ ಮೇಲೆ ಒತ್ತಿದರೆ ಸಾಮಾನ್ಯವಾಗಿ ಸೇರಿಕೊಳ್ಳುತ್ತದೆ. ಸಾಲೇ ಬರದಿದ್ದರೆ ಯುಎಸ್‌ಬಿ ಕಿಂಡಿ ಬದಲಿಸಿ ನೋಡಬೇಕು.

ಸೇರಿರುವವುಗಳನ್ನಷ್ಟೇ ಕಾಣಲು ‘ಫೈಂಡ್’ ಪದಕ್ಕೆ ಎಂ, ಎನ್, ಟಿ ಅಂಟಿಸಿದ ಇನ್ನೊಂದು ಆಜ್ಞೆ ಇದೆ. ಅದು ಇಡೀ ಮರವನ್ನೇ ಬಿಡಿಸಿ ತೋರಿಸುತ್ತದೆ. ಕಂಪ್ಯೂಟರು ತನ್ನ ಒಳಗಿನ ಕೆಲಸಕ್ಕೆ ಮಾಡಿಕೊಂಡ ಹತ್ತಾರು ಸಾಲುಗಳೂ ಬರುವುದರಿಂದ ಮೊದಲ ಸಲ ತಲೆ ತಿರುಗುತ್ತದೆ. ‘ಮೀಡಿಯಾ’ ಎಂದು ಶುರುವಾಗುವ ಸಾಲನ್ನಷ್ಟೇ ನೋಡಿ. ಆ ಸಾಲಿನ ಕೊನೆಯ ಭಾಗದಲ್ಲಿ ಆರ್‌ಒ ಎಂದಿದ್ದರೆ ಓದಬಹುದು, ಬರೆಯಲಾಗದು. ಆರ್‌ಡಬ್ಲ್ಯೂ ಎಂದಿದ್ದರೆ ಎರಡೂ ಆಗುತ್ತವೆ. ‘ಸೇವ್ ಆಗ್ತಿಲ್ಲ’ ಎಂದು ಮಕ್ಕಳು ಅಳುವುದಕ್ಕೆ ಎಷ್ಟೋ ಸಲ ಈ ಎರಡು ಅಕ್ಷರವೇ ಕಾರಣ.

ಫಾರ್ಮ್ಯಾಟ್ ಎಂಬ ಮಾತು ಬಂದಾಗ ತಪ್ಪದೆ ನೋಡಬೇಕಾದದ್ದು ಡಿಎಫ್. ಡಿ, ಎಫ್ ಒತ್ತಿ, ಜಾಗ ಬಿಟ್ಟು, ಕಿರುಗೆರೆ ಹಾಕಿ ಎಚ್. ಪ್ರತಿ ಡಿಸ್ಕಿನಲ್ಲಿ ಎಷ್ಟು ತುಂಬಿದೆ, ಎಷ್ಟು ಉಳಿದಿದೆ ಎಂದು ಹೇಳುತ್ತದೆ. ಮಗಳ ಡ್ರೈವ್‌ನಲ್ಲಿ ಸುಮಾರು 3 ಜಿಬಿ ತುಂಬಿತ್ತು. ಖಾಲಿ ಡ್ರೈವ್ 3 ಜಿಬಿ ತೂಗುವುದಿಲ್ಲ. ವೈರಸ್ಸು ಫೋಲ್ಡರುಗಳನ್ನು ಮರೆಮಾಡಿ ಶಾರ್ಟ್‌ಕಟ್‌ಗಳನ್ನಷ್ಟೇ ಉಳಿಸಿದಾಗಲೂ ಇದೇ ಲೆಕ್ಕ ಸತ್ಯ ಹೇಳುತ್ತದೆ. ವಿಂಡೋಸ್‌ನಲ್ಲಿ ಮರೆಯಾದ ಆ ಫೋಲ್ಡರುಗಳು ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಹಾಗೇ ಕಾಣಿಸುತ್ತವೆ.

ಇನ್ನು ಹುಡುಕುವುದು. ಫೈಂಡ್ ಎಂದು ಬರೆದು, ಓರೆಗೆರೆ ಮತ್ತು ಮೀಡಿಯಾ, ಆಮೇಲೆ ಕಿರುಗೆರೆ ಮತ್ತು ನೇಮ್, ಕೊನೆಗೆ ಉದ್ಧರಣ ಚಿಹ್ನೆಯೊಳಗೆ ಎರಡೂ ಬದಿ ನಕ್ಷತ್ರ ಇಟ್ಟು ಗಣಿತ ಎಂದು ಕನ್ನಡದಲ್ಲೇ ಬರೆಯಬಹುದು. ಹೆಸರಿನಲ್ಲಿ ಗಣಿತ ಇರುವ ಫೈಲುಗಳ ಪೂರ್ತಿ ದಾರಿ ಬರುತ್ತದೆ. ಟರ್ಮಿನಲ್ಲಿನಲ್ಲಿ ಒತ್ತಕ್ಷರ ಕಳಚಿ ಬಿದ್ದಂತೆ ಕಂಡರೆ ಗಾಬರಿ ಬೇಡ. ತೋರಿಸುವ ರೀತಿ ಕೆಟ್ಟಿದೆ, ಹೆಸರು ಸರಿಯಿದೆ. ಈ ಆಜ್ಞೆಯ ಹಿಂದೆ ‘ಡಿಲೀಟ್’ ಎಂಬ ಬಾಲ ಮಾತ್ರ ಹಚ್ಚಬಾರದು.

ನಮಗೆ ಸಿಕ್ಕದ್ದು ಎರಡೇ ಸಾಲು, ಇರಬೇಕಾದದ್ದು ಹೆಚ್ಚು. ಗಡಿಯ ಮಕ್ಕಳಿಗೆ ಇಲ್ಲೊಂದು ತೊಡಕಿದೆ. ಮರಾಠಿಯ ಗಣಿತವೂ ಕನ್ನಡದ ಗಣಿತವೂ ನಾಲಿಗೆಗೆ ಒಂದೇ. ಆದರೆ ಯೂನಿಕೋಡ್‌ನಲ್ಲಿ ದೇವನಾಗರಿಗೂ ಕನ್ನಡಕ್ಕೂ 128 ಸ್ಥಾನಗಳ ಬೇರೆ ಬೇರೆ ಮನೆಗಳಿವೆ. ಮರಾಠಿ ಶಾಲೆಯ ಗೆಳತಿ ದೇವನಾಗರಿಯಲ್ಲಿ ಹೆಸರಿಟ್ಟು ಕೊಟ್ಟ ಫೈಲು ಕನ್ನಡದಲ್ಲಿ ಹುಡುಕಿದರೆ ಸಿಗದು. ಕನ್ನಡದೊಳಗೂ, ‘ಕೋ’ ಎಂಬಲ್ಲಿನ ದೀರ್ಘವನ್ನು ಒಂದೇ ಚಿಹ್ನೆಯಾಗಿಯೂ ತುಂಡುಗಳನ್ನು ಕೂಡಿಸಿಯೂ ಬರೆಯಬಹುದು. ಕಣ್ಣಿಗೆ ವ್ಯತ್ಯಾಸವಿಲ್ಲ, ಕಂಪ್ಯೂಟರಿಗೆ ಎರಡೂ ಬೇರೆ. ಆದ್ದರಿಂದ ಹುಡುಕುವಾಗ ಇಡೀ ಪದ ಬೇಡ, ದೀರ್ಘ, ಒತ್ತು ಇಲ್ಲದ ಎರಡಕ್ಷರ ಸಾಕು.

ಫೈಲಿನ ಒಳಗಿನ ಬರಹವನ್ನು ಹುಡುಕಲು ಗ್ರೆಪ್ ಎಂಬ ಆಜ್ಞೆ ಇದೆ. ಆದರೆ ಪಿಡಿಎಫ್‌ನ ಒಳಗೆ ಅದು ಓದಲಾರದು, ಸ್ಕ್ಯಾನ್ ಚಿತ್ರದೊಳಗೆ ಮೊದಲೇ ಇಲ್ಲ. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಪಾಠಗಳೂ ಸಿಗುವುದಿಲ್ಲ. ಅವು ಪರದೆಯ ಮೇಲೆ ಕನ್ನಡವಾಗಿ ಕಂಡರೂ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಮಕ್ಕಳಿಗೆ ಟಿಪ್ಪಣಿ ಕೊಡುವ ಶಿಕ್ಷಕರು ಯೂನಿಕೋಡ್‌ನಲ್ಲೇ ಕೊಟ್ಟರೆ ಎಷ್ಟು ಉಪಕಾರ!

ಇದೆಲ್ಲ ಕಾಲೇಜಿನವರ ವಿದ್ಯೆ ಎಂದು ಪಾಲಕರು ಅಂದುಕೊಳ್ಳಬಾರದು. ಕೇರಳದ ಸರಕಾರಿ ಶಾಲೆಗಳಲ್ಲಿ ಕೈಟ್ ಸಂಸ್ಥೆ ಲಿನಕ್ಸನ್ನೇ ಬಳಸುತ್ತಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಕಂಪ್ಯೂಟರ್ ಪಾಠಪುಸ್ತಕ ಕನ್ನಡದಲ್ಲೇ ಇದೆ. ಇನ್ನೊಂದು ಗಡಿಯ ನಮ್ಮ ಮಕ್ಕಳಿಗೆ ಇದು ಕೈಗೆಟುಕದ ಮಾತೇನಲ್ಲ.

ಡ್ರೈವ್ ಕೀಳುವ ಮುನ್ನ ‘ಇಜೆಕ್ಟ್’ ಒತ್ತುವುದನ್ನು ಮಾತ್ರ ಮಕ್ಕಳಿಗೆ ರೂಢಿ ಮಾಡಿಸಿ. ಕಾಪಿ ಮುಗಿಯಿತೆಂದು ಕಂಡರೂ ಒಂದಿಷ್ಟು ಬರಹ ಇನ್ನೂ ಕಂಪ್ಯೂಟರಿನ ನೆನಪಿನಲ್ಲೇ ಇರುತ್ತದೆ. ಎಳೆದುಕೊಂಡರೆ ಅದು ಡ್ರೈವ್‌ಗೆ ಮುಟ್ಟುವುದಿಲ್ಲ.

ನಮಗೆ ಕೊನೆಯವರೆಗೂ ಸಿಗದೇ ಉಳಿದದ್ದು ಶಿಕ್ಷಕರ ಕೈಬರಹದ ಟಿಪ್ಪಣಿ. ಅದಕ್ಕೆ ಮೊಬೈಲು ತಾನೇ ಇಟ್ಟ ಹೆಸರಿತ್ತು: ಸ್ಕ್ಯಾನ್, ಮುಂದೆ ಉದ್ದನೆಯ ಅಂಕಿ. ಹೆಸರು ಬಿಟ್ಟು ತಾರೀಕಿನಿಂದ ಹುಡುಕಿದೆವು. ಫೈಂಡ್‌ಗೆ ನೇಮ್ ಬದಲು ಎಂಟೈಮ್ ಎಂದು ಕೊಟ್ಟು, ಮುಂದೆ ಕಿರುಗೆರೆ 30 ಎಂದರೆ ಕಳೆದ 30 ದಿನಗಳಲ್ಲಿ ಬದಲಾದ ಫೈಲುಗಳು ಬರುತ್ತವೆ. ಪಟ್ಟಿಯ ನಡುವೆ ಅದು ಸಿಕ್ಕಿತು. ಮಗಳು ಅಲ್ಲೇ ಕುಳಿತು ‘ಬೀಜಗಣಿತ ಟಿಪ್ಪಣಿ’ ಎಂದು ಹೆಸರಿಟ್ಟು, ಮತ್ತೊಮ್ಮೆ ಗಣಿತ ಎಂದು ಹುಡುಕಿದಳು. ಈ ಸಲ ಮೂರು ಸಾಲು ಬಂದವು.