ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಈ ಗಾದೆಯ ಅರ್ಥ ಕೇಳಿದರೆ ತ್ರಾಸಿಯ ಶಾಲಾಮಕ್ಕಳು ಥಟ್ಟನೆ ಹೇಳಿಯಾರು. ಆದರೆ ದುರಂತದ ಸಿಟ್ಟಿನಲ್ಲಿ ಊರಿಗೆ ಊರೇ ಬರೆ ಹಾಕಲು ಹೊರಟಾಗ ದೊಡ್ಡವರಿಗೂ ಅದು ನೆನಪಾಗುವುದಿಲ್ಲ.

1984ರ ಅಕ್ಟೋಬರ್ 31ರಂದು ಪ್ರಧಾನಿ ಇಂದಿರಾ ಗಾಂಧಿಯವರಿಗೆ ಗುಂಡಿಕ್ಕಿದವರು ಇಬ್ಬರು ಅಂಗರಕ್ಷಕರು. ಅವರು ಸಿಖ್ಖರೆಂಬ ಒಂದೇ ಕಾರಣಕ್ಕೆ ಮುಂದಿನ ಕೆಲವೇ ದಿನಗಳಲ್ಲಿ ದೆಹಲಿಯೊಂದರಲ್ಲೇ 2,733 ಸಿಖ್ಖರು ಹತರಾದರೆಂದು ಸರಕಾರಿ ಲೆಕ್ಕ.

ದೆಹಲಿ ದೂರವೆನಿಸಿದರೆ ಘಟ್ಟದ ಮೇಲಿನ ಮೂಡಿಗೆರೆಯ ಮೊಹಮ್ಮದ್ ಹನೀಫರ ಕಥೆ ಕೇಳಬಹುದು. ಬೆಂಗಳೂರಿನಲ್ಲಿ ವೈದ್ಯಶಿಕ್ಷಣ ಪಡೆದ ಅವರು ಇಂಗ್ಲೆಂಡಿನಲ್ಲಿ ದುಡಿದು, ಆಸ್ಟ್ರೇಲಿಯದ ಗೋಲ್ಡ್ ಕೋಸ್ಟ್ ಆಸ್ಪತ್ರೆಗೆ ಸೇರಿದ್ದರು. 2007ರ ಜೂನ್ 30ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಉಗ್ರರು ಉರಿಯುವ ಜೀಪು ನುಗ್ಗಿಸಿದರು. ಎರಡೇ ದಿನದಲ್ಲಿ, ಹಸುಗೂಸು ಮಗಳನ್ನು ನೋಡಲು ಊರಿಗೆ ಹೊರಟಿದ್ದ ಹನೀಫ್ ಬ್ರಿಸ್ಬೇನ್ ನಿಲ್ದಾಣದಲ್ಲಿ ಬಂಧಿತರಾದರು.

ಇಂಗ್ಲೆಂಡ್ ಬಿಡುವಾಗ ಅವರು ತಮ್ಮ ಸಿಮ್ ಕಾರ್ಡನ್ನು ಸಂಬಂಧಿಯೊಬ್ಬನಿಗೆ ಕೊಟ್ಟಿದ್ದರು. ಆತ ಜೀಪು ಓಡಿಸಿದವನ ತಮ್ಮ. ವಿಚಾರಿಸುವುದು ಪೊಲೀಸರ ಕರ್ತವ್ಯವೇ ಸರಿ. ಆದರೆ ಕಾರ್ಡು ಉರಿದ ಜೀಪಿನಲ್ಲೇ ಸಿಕ್ಕಿತೆಂದು ನ್ಯಾಯಾಲಯಕ್ಕೆ ಹೇಳಲಾಯಿತು. ನಿಜವಾಗಿ ಅದು ಸಿಕ್ಕಿದ್ದು ನೂರಾರು ಕಿಲೋಮೀಟರ್ ಆಚೆ, ಲಿವರ್‌ಪೂಲಿನಲ್ಲಿ!

ಅಲ್ಲಿನ ವಕೀಲರೂ ಪತ್ರಕರ್ತರೂ ಸುಮ್ಮನಿರಲಿಲ್ಲ, ಸಾಕ್ಷ್ಯವೆಲ್ಲಿ ಎಂದು ಕೇಳಿದರು. ಜುಲೈ 27ರಂದು ಮೊಕದ್ದಮೆ ಬಿದ್ದುಹೋಯಿತು. ಆರೋಪಕ್ಕೆ ತಕ್ಕ ಆಧಾರವೇ ಇರಲಿಲ್ಲವೆಂದು 2008ರಲ್ಲಿ ಜಾನ್ ಕ್ಲಾರ್ಕ್ ವಿಚಾರಣಾ ವರದಿ ಹೇಳಿತು. 2010ರಲ್ಲಿ ಆಸ್ಟ್ರೇಲಿಯ ಸರಕಾರ ಪರಿಹಾರ ಕೊಟ್ಟಿತು.

ಮೂರು ಪ್ರಶ್ನೆಗಳು

ಪ್ರಯೋಗಶಾಲೆಯಲ್ಲಿ ಲಿಟ್ಮಸ್ ಕಾಗದ ಅದ್ದುವ ಮೊದಲೇ ‘ಆಮ್ಲ’ ಎಂದು ಬರೆದ ವಿದ್ಯಾರ್ಥಿಗೆ ಅಂಕ ಸಿಗದು. ಹೆಸರು ನೋಡಿಯೇ ಅಪರಾಧಿ ಎನ್ನುವುದೂ ಅಂಥದೇ ತಪ್ಪು. ಇಲ್ಲಿ ಮಾತ್ರ ಕಳೆದುಕೊಳ್ಳುವುದು ಅಂಕವಲ್ಲ, ಒಬ್ಬರ ಬದುಕು. ದುರಂತದ ಸುದ್ದಿ ಬಂದ ದಿನ ಮಕ್ಕಳು ಮೂರು ಪ್ರಶ್ನೆ ಕೇಳಿಕೊಳ್ಳಲಿ: ಮಾಡಿದವರು ಯಾರು? ಅದಕ್ಕೆ ಸಾಕ್ಷ್ಯವೇನು? ಮಾಡದವರಿಗೂ ಶಿಕ್ಷೆಯಾಗುತ್ತಿದೆಯೇ?

ಶಾಲೆಯಲ್ಲಿ ಇದನ್ನು ಕಲಿತ ಮಗು ಮನೆಗೆ ಬಂದಾಗ, ರಾತ್ರಿಯ ಊಟದ ಹೊತ್ತಿನಲ್ಲಿ ಅಪ್ಪ ‘ಅವರೆಲ್ಲ ಹಾಗೆಯೇ’ ಎಂದುಬಿಟ್ಟರೆ ಕಲಿತದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

ಕುಂದಾಪುರದ ಕಡೆಯ ಎಷ್ಟೋ ಮನೆಗಳ ಮಕ್ಕಳು ಪರದೇಶದಲ್ಲಿ ದುಡಿಯುತ್ತಿದ್ದಾರೆ. ಊರಲ್ಲಿ ಯಾರೇ ಆಗಿರಲಿ, ಅಲ್ಲಿ ಅವರು ಅಲ್ಪಸಂಖ್ಯಾತರು. ಅವರಿಗೆ ಅಲ್ಲಿ ಸಿಗಲೆಂದು ಹೆತ್ತವರು ಹಾರೈಸುವ ನ್ಯಾಯ, ಇಲ್ಲಿ ಪಕ್ಕದ ಮನೆಯವರಿಗೂ ಸಲ್ಲಬೇಕಾದದ್ದೇ.