ಇಲಿಯಲ್ಲದ ಸುಂಡಿಲಿ

ರಾತ್ರಿ ಬಚ್ಚಲ ಮೋರಿಯಿಂದ ನುಸುಳಿ, ಗೋಡೆಯ ಬುಡ ಹಿಡಿದು ಚಿಕ್‌ಚಿಕ್ ಎನ್ನುತ್ತ ಓಡುವ ಸುಂಡಿಲಿಯನ್ನು ಕಂಡರೆ ಕೈ ಮೊದಲು ಪೊರಕೆಗೆ ಹೋಗುತ್ತದೆ. ಪಾಪ, ಅದು ಇಲಿಯೇ ಅಲ್ಲ. ವಂಶಾವಳಿಯ ಲೆಕ್ಕ ಹಿಡಿದರೆ ಇಲಿಗೆ ಸುಂಡಿಲಿಗಿಂತ ಮನುಷ್ಯನೇ ಹತ್ತಿರದ ನೆಂಟ!

ವ್ಯತ್ಯಾಸ ಗೊತ್ತಾಗುವುದು ಬಾಯಲ್ಲಿ. ಇಲಿಯ ಬಾಚಿಹಲ್ಲುಗಳು ಸಾಯುವವರೆಗೂ ಬೆಳೆಯುತ್ತವೆ. ಅವುಗಳ ಹಿಂದೆ ಖಾಲಿ ಜಾಗ, ಆಮೇಲೆ ದವಡೆಹಲ್ಲು. ಸುಂಡಿಲಿಗೆ ಆ ಖಾಲಿ ಜಾಗವಿಲ್ಲ. ಮುಂದಕ್ಕೆ ಚಾಚಿದ ಬಾಚಿಹಲ್ಲುಗಳು ಚಿಮಟದಂತೆ ಹುಳುವನ್ನು ಹಿಡಿದರೆ, ಹಿಂದಿನ ಚೂಪು ಹಲ್ಲುಗಳು ಜಿರಲೆಯ ಗಟ್ಟಿ ಹೊದಿಕೆಯನ್ನು ಸೀಳುತ್ತವೆ. ಕಣ್ಣು ಮಂದ, ಉದ್ದ ಮೂತಿ ಮತ್ತು ಮೀಸೆಯೇ ದಾರಿ ತೋರಿಸಬೇಕು. ಪಕ್ಕೆಯ ಗ್ರಂಥಿಗಳಿಂದ ಬರುವ ಘಾಟುವಾಸನೆಗೆ ಬೆಕ್ಕು ಕೊಂದರೂ ತಿನ್ನದೆ ಬಿಟ್ಟು ಹೋಗುತ್ತದೆ. ಗೂಡು ಬಿಟ್ಟು ಹೊರಡುವಾಗ ಒಂದು ಮರಿ ತಾಯಿಯ ಬಾಲದ ಬುಡವನ್ನು ಕಚ್ಚಿಕೊಳ್ಳುತ್ತದೆ, ಅದರ ಬಾಲದ ಬುಡವನ್ನು ಇನ್ನೊಂದು, ಅದರದನ್ನು ಮತ್ತೊಂದು. ಹೀಗೆ ಇಡೀ ಸಂಸಾರ ಒಂದೇ ಸಾಲಾಗಿ ಸಾಗುವುದನ್ನು ನೋಡಿದವರು ಮತ್ತೆ ಪೊರಕೆ ಎತ್ತಲಾರರು.

ಇದೇ ಕುಲದ ಎಟ್ರಸ್ಕನ್ ಸುಂಡಿಲಿ ಭಾರತದಲ್ಲೂ ಇದೆ. ತೂಕ ಸುಮಾರು 2 ಗ್ರಾಂ. ಸಸ್ತನಿಗಳಲ್ಲೆಲ್ಲ ಅತಿ ಹಗುರ. ಇಷ್ಟು ಪುಟ್ಟ ಮೈಯಿಂದ ಶಾಖ ಬೇಗ ಸೋರಿಹೋಗುವುದರಿಂದ ದಿನಕ್ಕೆ ತನ್ನ ತೂಕಕ್ಕಿಂತ ಹೆಚ್ಚು ತಿನ್ನಬೇಕು. ಅದರ ಹೃದಯ ನಿಮಿಷಕ್ಕೆ 1500 ಸಲದವರೆಗೂ ಬಡಿದುಕೊಳ್ಳಬಲ್ಲದು.

ಹತ್ತೊಂಬತ್ತನೆಯ ಶತಮಾನದವರು ಹುಳು ತಿನ್ನುವ ಸಣ್ಣ ಸಸ್ತನಿಗಳನ್ನೆಲ್ಲ 'ಕೀಟಾಹಾರಿ' ಎಂಬ ಒಂದೇ ಗಣಕ್ಕೆ ತುಂಬಿದರು. ತಿನ್ನುವುದು ಒಂದೇ ಆದರೆ ಹಲ್ಲು, ಮೂತಿಯೂ ಒಂದೇ ಥರ ಆಗುತ್ತವೆ; ರಕ್ತಸಂಬಂಧ ಇರಲೇಬೇಕೆಂದಿಲ್ಲ. ಧಾರವಾಡದಲ್ಲಿ ಅಧಿಕಾರಿಯಾಗಿದ್ದು ಇಲ್ಲಿನ ಪ್ರಾಣಿಗಳ ಪಟ್ಟಿ ಮಾಡಿದ ವಾಲ್ಟರ್ ಎಲಿಯಟ್‌ನ ಹೆಸರನ್ನು 1850ರಲ್ಲಿ ಪಡೆದ ದಕ್ಷಿಣ ಭಾರತದ ಮರಸುಂಡಿಲಿಯೂ ಆ ಗಣದಲ್ಲಿತ್ತು. ಈಗ ಅದಕ್ಕೆ ಬೇರೆಯದೇ ಗಣವಿದೆ. 1990ರ ದಶಕದ ಕೊನೆಗೆ ಡಿಎನ್‌ಎ ಪರೀಕ್ಷೆ ಬಂದಾಗ ಹಳೆಯ ಗಣ ಪೂರ್ತಿ ಒಡೆಯಿತು. ಮಡಗಾಸ್ಕರಿನ ಟೆನ್ರೆಕ್, ಆಫ್ರಿಕಾದ ಚಿನ್ನದ ಮೋಲ್ ಮತ್ತು ಆನೆಸುಂಡಿಲಿಗಳು ಆನೆಯ ದೂರದ ದಾಯಾದಿಗಳು ಎಂದಾಯಿತು! ನಮ್ಮ ಸುಂಡಿಲಿಗೆ ಹೆಡ್ಜ್‌ಹಾಗ್ ಮತ್ತು ಯುರೋಪಿನ ಮೋಲ್ ಜೊತೆಯಾದವು. ಅವುಗಳ ದೊಡ್ಡ ಬಳಗದಲ್ಲಿ ಬಾವಲಿ, ನಾಯಿ, ಹಸುಗಳೂ ಇವೆ.

ಸುಂಡಿಲಿ ಆಗೀಗ ಎಂಜಲಿಗೆ ಬಾಯಿ ಹಾಕುವುದುಂಟು. ಆದರೂ ಅದರ ಮುಖ್ಯ ಊಟ ಹುಳುಹುಪ್ಪಟೆಯೇ. ಬರಿಗೈಯಲ್ಲಿ ಮುಟ್ಟಬೇಡಿ, ಮೈಯಲ್ಲಿ ಚಿಗಟ, ರೋಗಾಣು ಇರಬಹುದು. ವಿಷವನ್ನೂ ಇಡಬೇಡಿ. ಬಾಗಿಲು ತೆರೆದು ದಾರಿ ಬಿಡಿ, ಗೋಡೆ ಹಿಡಿದುಕೊಂಡೇ ಅದು ಹೊರಗೆ ಹೋಗುತ್ತದೆ.