ಮುಯ್ಯಿಗೆ ಮುಯ್ಯಿ: ಐಯೆಸ್ಟೆಯ ಕಥೆ

ಎಂಜಿನಿಯರಿಂಗ್ ಮಕ್ಕಳಿಗೆ ಪಾಠ ಹೇಳಿಯೇ ತಲೆ ನರೆಸಿಕೊಂಡವನು ನಾನು. ವಿದೇಶದಲ್ಲಿ ತರಬೇತಿ ಎಂದರೆ ಹೆತ್ತವರು ಈಗಲೂ ಮೊದಲು ಹುಡುಕುವುದು ಏಜೆಂಟರನ್ನು. ತಾಂತ್ರಿಕ ತರಬೇತಿಗಾಗಿ ವಿದ್ಯಾರ್ಥಿಗಳನ್ನು ವಿನಿಮಯ ಮಾಡಿಕೊಳ್ಳುವ ಅಂತರರಾಷ್ಟ್ರೀಯ ಸಂಘ ಐಯೆಸ್ಟೆಯ (IAESTE) ದಾರಿ ಬೇರೆ. ಮಹಾಯುದ್ಧದಿಂದ ಯುರೋಪು ಇನ್ನೂ ಚೇತರಿಸಿಕೊಳ್ಳುತ್ತಿದ್ದಾಗ, 1948ರ ಜನವರಿಯಲ್ಲಿ, ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಅದು ಹುಟ್ಟಿತು. ಮುಂದೆ ನಿಂತವರು ಜೇಮ್ಸ್ ನ್ಯೂಬಿ. ರಜೆಯಲ್ಲಿ ಹುಡುಗರು ಪರದೇಶದ ಕಾರ್ಖಾನೆಯಲ್ಲಿ ದುಡಿದು ಕಲಿಯಲಿ, ದೇಶದೇಶಗಳ ನಡುವೆ ಸ್ನೇಹವೂ ಬೆಳೆಯಲಿ ಎಂಬುದು ಆಸೆ.

ವ್ಯವಹಾರ ನಮ್ಮ ಮದುವೆಮನೆಯ ಮುಯ್ಯಿಯಂತೆ: ಇಲ್ಲಿನ ಕಂಪನಿ ಹೊರಗಿನವರೊಬ್ಬರಿಗೆ ಕೆಲಸ ಕೊಟ್ಟರೆ, ಅಲ್ಲಿ ನಮ್ಮವರೊಬ್ಬರಿಗೆ ಜಾಗ. ಊಟ-ವಸತಿಗೆ ಸಾಲುವಷ್ಟು ಭತ್ಯೆ ಕಂಪನಿಯದು, ವಿಮಾನದ ಖರ್ಚು ಮಾತ್ರ ವಿದ್ಯಾರ್ಥಿಯದೇ. ಬಡ ಮಕ್ಕಳು ಹಿಂಜರಿಯುವುದೂ ಅಲ್ಲೇ.

ನಮ್ಮ ಮಣಿಪಾಲದಲ್ಲೂ ಅದರ ಘಟಕವಿದೆ. ಏಜೆಂಟರಿಗೆ ದುಡ್ಡು ಸುರಿಯುವ ಮೊದಲು, ನಿಮ್ಮ ಕಾಲೇಜಿಗೆ ಇದರ ನಂಟಿದೆಯೇ ಎಂದು ವಿಚಾರಿಸಿ.